ಬೆಲ್ ಹೊಡೆದ ಮೇಲೆ ಸುಮ್ಮನಿರುವುದು

ವಾದದಲ್ಲಿ ಸೋತವರನ್ನು ನಾಲ್ಕು ಜನ ಸಮಾಧಾನ ಮಾಡುತ್ತಾರೆ, ಗೆದ್ದವರನ್ನು ಯಾರೂ ಮಾಡುವುದಿಲ್ಲ. ಸಮಾಧಾನ ನಿಜವಾಗಿ ಬೇಕಾಗುವುದು ಗೆದ್ದವರಿಗೇ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಹೀಗೆ ಹೇಳುವ ಹಕ್ಕು ನನಗಿದೆ. ಹೈಸ್ಕೂಲಿನಿಂದ ಹಿಡಿದು ಕಾನೂನು ಪದವಿಯ ಕೊನೆಯ ವರ್ಷದವರೆಗೆ ಮೈಸೂರಿನಲ್ಲಿ ನಡೆದ ಚರ್ಚಾಸ್ಪರ್ಧೆಗಳಲ್ಲಿ ನಾನು ಬಾಯಿ ಹಾಕದೆ ಬಿಟ್ಟದ್ದು ಕಡಿಮೆ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಯಾವುದು ಬಂದರೂ ಐದು ನಿಮಿಷದೊಳಗೆ ಅದು ನನ್ನ ಜೀವಮಾನದ ನಂಬಿಕೆಯಾಗಿಬಿಡುತ್ತಿತ್ತು. ಸ್ಪರ್ಧೆಗಳು ಮುಗಿದರೂ ಚಾಳಿ ಮುಗಿಯಲಿಲ್ಲ. ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಎರಡು ಬೆರಳು, ಒಂದು ಕನ್ನಡಿ ಇಟ್ಟುಕೊಂಡು ‘ಸಿಹಿ ಜಾಸ್ತಿ ತಿಂತೀರ?’ ಎಂದು ಕೇಳಿದರು. ಆ ಸ್ಥಿತಿಯಲ್ಲೇ ಎರಡು ಪ್ರತಿವಾದ ಮಂಡಿಸಿದೆ. ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ, ಆದರೆ ಬೆರಳು ತೆಗೆದರು. ಅದನ್ನೂ ನನ್ನ ಗೆಲುವಿನ ಪಟ್ಟಿಗೇ ಸೇರಿಸಿಕೊಂಡೆ. ಗೆದ್ದ ಶೀಲ್ಡುಗಳೆಲ್ಲ ಬೀರುವಿನ ಮೇಲೆ ಸಾಲಾಗಿವೆ. ಒಂದು ಮಾತ್ರ ಅಡುಗೆಮನೆಯಲ್ಲಿ ದೋಸೆಹಿಟ್ಟಿನ ಪಾತ್ರೆಗೆ ಮುಚ್ಚಳವಾಗಿದೆ. ‘ಇದೊಂದಾರ ಉಪಯೋಗಕ್ಕೆ ಬಂತಲ್ಲ’ ಎಂಬುದು ಚಿಕ್ಕಮ್ಮನ ಅಭಿಪ್ರಾಯ.

ಅಪ್ಪ ಅಮ್ಮ ಊರಲ್ಲಿದ್ದಾರೆ. ನಾನು ಎಂಟನೇ ಕ್ಲಾಸಿನಿಂದ ಬೆಳೆದದ್ದು ಕುವೆಂಪುನಗರದಲ್ಲಿ, ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಪ್ಪ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುವವರು. ಹೆಚ್ಚು ಓದಿದವರಲ್ಲ, ಆದರೆ ಮಾತೆಂದರೆ ಪ್ರಾಣ. ನನಗೆ ಮಾತು ಕಲಿಸಿದ್ದೇ ಅವರು. ಷಿಫ್ಟ್ ಮುಗಿಸಿ ಬಂದು, ಕಾಫಿ ಕುಡಿದ ಸ್ಟೀಲ್ ಲೋಟವನ್ನು ಬೋರಲು ಹಾಕಿ, ಚಮಚ ಹಿಡಿದು ತೀರ್ಪುಗಾರರ ಗತ್ತಿನಲ್ಲಿ ಕೂರುತ್ತಿದ್ದರು. ನಾಲ್ಕನೇ ನಿಮಿಷಕ್ಕೆ ‘ಟಿಂಗ್’ ಅಂತ ಒಂದು ಸಲ, ಅಂದರೆ ಇನ್ನೊಂದೇ ನಿಮಿಷ ಉಳಿದಿದೆ ಅಂತ. ಐದಕ್ಕೆ ಎರಡು ಸಲ, ಅಂದರೆ ಸಾಕು. ಮೊದಲ ಬೆಲ್ಲಿನ ವಿಷಯದಲ್ಲಿ ಅವರದು ಒಂದೇ ಉಪದೇಶ. ‘ಬೆಲ್ ಹೊಡೀತಿದ್ದಂಗೆ ಮೆತ್ತಗಾಗ್ಬ್ಯಾಡ ಕಣವ್ವ. ಎಲ್ರೂ ಮೆತ್ತಗಾಗೋದೇ ಆಗ. ನಿನ್ನತ್ರ ಇರೋ ಗಟ್ಟಿ ಏಟ್ನ ಆವಾಗ್ಲೇ ಹೊಡ್ದುಬುಡು.’ ಹೊಡೆದುಬಿಡುತ್ತಿದ್ದೆ. ಅವರ ಹಳೆಯ ಸ್ಕೂಟರಿನ ಹಿಂದೆ ಶೀಲ್ಡನ್ನು ಅಪ್ಪಿಕೊಂಡು ಮನೆಗೆ ಬರುತ್ತಿದ್ದೆ.

ಚಿಕ್ಕಪ್ಪ ಕುಡಿಯುತ್ತಿದ್ದರು. ಎರಡೇ ಪದದ ಈ ವಾಕ್ಯವನ್ನು ನಮ್ಮ ಮನೆಯಲ್ಲಿ ಬಹಳ ವರ್ಷ ಯಾರೂ ಪೂರ್ತಿ ಹೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ಬುದ್ಧನ ಪಟದ ಮುಂದೆ ಮೂವರೂ ಕೂತು ಪಂಚಶೀಲ ಹೇಳುವುದು ನಮ್ಮ ರೂಢಿ. ಕೊಲ್ಲುವುದಿಲ್ಲ ಎಂದು ಶುರುವಾಗುತ್ತದೆ. ನಾಲ್ಕನೆಯದು ಸುಳ್ಳಾಡುವುದಿಲ್ಲ, ಐದನೆಯದು ಅಮಲಿನ ಪದಾರ್ಥ ಮುಟ್ಟುವುದಿಲ್ಲ. ಚಿಕ್ಕಪ್ಪ ನಾಲ್ಕರವರೆಗೆ ಕಂಚಿನ ಕಂಠದಲ್ಲಿ ಹೇಳಿ, ಐದಕ್ಕೆ ಸರಿಯಾಗಿ ಕೆಮ್ಮುತ್ತಿದ್ದರು. ಆ ಕೆಮ್ಮು ಮುಗಿಯುವವರೆಗೆ ಚಿಕ್ಕಮ್ಮ ನೆಟ್ಟಗಿರುವ ಮೇಣದಬತ್ತಿಯನ್ನೇ ನೆಟ್ಟಗೆ ಮಾಡುತ್ತ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ನಾಲ್ಕು ಶೀಲ, ಒಂದು ಕೆಮ್ಮು ಎಂದು ನಾನೊಮ್ಮೆ ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ನನಗೂ ಆಮೇಲೆ ನಗು ಬರಲಿಲ್ಲ.

ಒಂದು ದಿನ ಲೇತ್ ಮುಂದೆ ಅವರ ಕೈ ನಡುಗಿತು. ಪಕ್ಕದ ಮೆಷಿನ್ನಿನವರು ಓಡಿಬಂದು ಸ್ವಿಚ್ ಆರಿಸಿದ್ದರಿಂದ ಬೆರಳು ಉಳಿಯಿತು. ಕಾರ್ಖಾನೆಯವರು ಅವರನ್ನು ರಜೆಯ ಮೇಲೆ ಕಳಿಸಿ ಒಂದು ಮಾತು ಹೇಳಿದರು. ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡು ಪತ್ರ ತಂದರೆ ಮೆಷಿನ್ ಅವರದೇ, ಅರ್ಧಕ್ಕೆ ಬಿಟ್ಟರೆ ಗೇಟಿನೊಳಗೆ ಕಾಲಿಡುವ ಹಾಗಿಲ್ಲ. ಅವರು ಇಪ್ಪತ್ತೆರಡು ವರ್ಷ ನಡೆಸಿದ ಮೆಷಿನ್ ಅದು. ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದು ‘ಈ ಸಲ ಆದ್ರೆ ಆಯ್ತು ಕಣಮ್ಮ, ಇಲ್ದಿದ್ರೆ...’ ಎಂದು ನಿಲ್ಲಿಸಿದರು. ಅರ್ಧ ವಾಕ್ಯ ಸಿಕ್ಕರೆ ಪೂರ್ತಿ ಮಾಡುವ ಗುಣ ನನ್ನದು. ಅದೊಂದನ್ನು ಮಾತ್ರ ನನ್ನಿಂದಲೂ ಪೂರ್ತಿ ಮಾಡಲಾಗಲಿಲ್ಲ.

ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಬಂದ ಮೇಲೆ ಮಾತ್ರೆ, ವಾರಕ್ಕೊಮ್ಮೆ ಕುಡಿತ ಬಿಟ್ಟವರ ಮೀಟಿಂಗ್, ಇವೆರಡರ ಜೊತೆಗೆ ಯಾದವಗಿರಿಯ ಒಂದು ಕ್ಲಿನಿಕ್ಕಿನಲ್ಲಿ ಇಪ್ಪತ್ತು ದಿನದ ಒಂದು ತರಬೇತಿ. ಮನಸ್ಸಿಗೆ ಬ್ರೇಕ್ ಹಾಕುವುದನ್ನು ಕಲಿಸುವ ತರಬೇತಿ ಎಂದರು ಅಲ್ಲಿಯ ಕೌನ್ಸೆಲರ್ ಮೇಡಂ. ಜೊತೆಗೆ ಮನೆಯವರೊಬ್ಬರು ಬರಬೇಕು. ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ವಕೀಲೆ ನಾನೇ. ಒಂದು ಕಾಲಕ್ಕೆ ಶೀಲ್ಡು ಅಪ್ಪಿಕೊಂಡು ಅವರ ಹಿಂದೆ ಕೂರುತ್ತಿದ್ದವಳು ಈಗ ಸ್ಕೂಟಿ ಓಡಿಸುತ್ತಿದ್ದೆ, ಅವರು ಮಾತ್ರೆಯ ಚೀಲ ಹಿಡಿದು ನನ್ನ ಹಿಂದೆ ಕೂರುತ್ತಿದ್ದರು.

ತರಬೇತಿ ಇಷ್ಟೇ. ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದೇ ಚಿತ್ರ ಬರುತ್ತದೆ. ಎಳನೀರು, ಕಾಫಿ ಲೋಟ, ಸೈಕಲ್, ಬ್ರಾಂದಿ ಬಾಟಲಿ. ಚಿತ್ರ ಕಂಡ ಕೂಡಲೇ ಗುಂಡಿ ಒತ್ತಬೇಕು. ಆದರೆ ಚಿತ್ರದ ಬೆನ್ನಿಗೇ ‘ಟಿಂಗ್’ ಎಂದು ಸದ್ದು ಬಂದರೆ ಒತ್ತಬಾರದು, ಹೊರಟ ಬೆರಳನ್ನು ದಾರಿಯಲ್ಲೇ ತಡೆಯಬೇಕು. ಬಾಟಲಿ ಬಂದಾಗಲೆಲ್ಲ ಬಹುಮಟ್ಟಿಗೆ ಟಿಂಗ್ ಬರುತ್ತದೆ. ನಾಲ್ಕು ದಿನ ನೋಡಿದೆ. ಐದನೆಯ ದಿನ ನನ್ನ ಬಾಯಿ ತಡೆಯಲಿಲ್ಲ. ‘ಮೇಡಂ, ಪರದೆ ಮೇಲಿನ ಬಾಟಲಿಗೆ ಕೈ ತಡೆದವರು ಅಂಗಡಿಯ ಬಾಟಲಿಗೂ ತಡೀತಾರೆ ಅನ್ನೋದಕ್ಕೆ ಏನಾಧಾರ?’ ಎಂದೆ. ಅವರು ಜಗಳಕ್ಕೆ ಬರಬಹುದೆಂದು ಆಸೆಯಿಂದ ಕಾದೆ. ‘ನಾನು ಗ್ಯಾರಂಟಿ ಕೊಡಲ್ಲಮ್ಮ’ ಎಂದರು ಅವರು. ‘ಕೆಲವರಿಗೆ ಸ್ವಲ್ಪ ಹಿಡಿತ ಸಿಗುತ್ತೆ, ಕೆಲವರಿಗೆ ಏನೂ ಆಗಲ್ಲ. ಇದೊಂದನ್ನೇ ನಂಬ್ಕೊಂಡು ಕೂರಿ ಅಂತ ಯಾರಿಗೂ ಹೇಳಲ್ಲ. ಮಾತ್ರೆ, ಮೀಟಿಂಗ್ ಜೊತೆಗೆ ಇದೂ ಇರಲಿ ಅಂತ.’ ಎದುರಾಳಿ ಪ್ರಾಮಾಣಿಕವಾಗಿ ಒಪ್ಪಿಕೊಂಡುಬಿಟ್ಟರೆ ಚರ್ಚಾಪಟುವಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಸಿದ್ಧಮಾಡಿಟ್ಟುಕೊಂಡ ವಾದವೆಲ್ಲ ಹೊಟ್ಟೆಯಲ್ಲೇ ಉಳಿಯಿತು.

ಉಳಿದದ್ದನ್ನು ವಾಪಸ್ ಬರುವ ದಾರಿಯಲ್ಲಿ ಚಿಕ್ಕಪ್ಪನ ಮುಂದೆ ಹೊರಹಾಕಿದೆ. ಮೊದಲ ಸಿಗ್ನಲ್ಲಿನಲ್ಲಿ ಮೊದಲ ಪಾಯಿಂಟ್: ಪರದೆಯ ಬಾಟಲಿಗೆ ವಾಸನೆ ಇಲ್ಲ, ಗೆಳೆಯರಿಲ್ಲ, ಸಂಜೆಯ ಬೇಸರವಿಲ್ಲ. ಎರಡನೆಯ ಸಿಗ್ನಲ್ಲಿನಲ್ಲಿ ಎರಡನೆಯದು: ಆಟ ಆಡಿ ಆಡಿ ಆಟ ಚೆನ್ನಾಗಿ ಬರುತ್ತದೆ, ಅಷ್ಟೆ. ಮೊಬೈಲಿನಲ್ಲಿ ಕ್ರಿಕೆಟ್ ಆಡಿದವರನ್ನು ಯಾರೂ ಟೀಮಿಗೆ ಸೇರಿಸುವುದಿಲ್ಲ. ಮನೆಯ ಗೇಟಿನ ಮುಂದೆ ಮೂರನೆಯದು: ಅಂಗಡಿಯ ಮುಂದೆ ನಿಂತಾಗ ಟಿಂಗ್ ಅನ್ನುವವರು ಯಾರು? ಚಿಕ್ಕಪ್ಪ ಹೆಲ್ಮೆಟ್ ತೆಗೆಯುತ್ತ ‘ಸರ್ಯಾಗ್ ಹೇಳ್ದೆ ಕಣವ್ವ’ ಎಂದರು. ನನ್ನ ಗುರುಗಳ ಬಾಯಿಂದ ಬಂದ ಮೆಚ್ಚುಗೆ! ಅವತ್ತು ಎರಡು ದೋಸೆ ಹೆಚ್ಚು ತಿಂದೆ.

ಮರುದಿನ ಹತ್ತು ಗಂಟೆಗೆ ಸ್ಕೂಟಿ ಹೊರಗೆ ತೆಗೆದರೆ ಚಿಕ್ಕಪ್ಪ ಲುಂಗಿಯಲ್ಲೇ ಪೇಪರ್ ಓದುತ್ತಿದ್ದರು. ‘ಯಾಕ್ ಹೊರಡಲ್ವಾ?’ ಎಂದೆ. ‘ಯಾಕೋಗ್ಬೇಕು? ವಾಸ್ನೆ ಇಲ್ಲ, ಗೆಳೇರಿಲ್ಲ. ಆಟ ಆಡುದ್ರೆ ಆಟ ಬತ್ತದೆ, ಅಷ್ಟೇಯ. ಅಂಗ್ಡಿ ಮುಂದೆ ಟಿಂಗ್ ಅನ್ನೋರ್ಯಾರು?’ ಮೂರೂ ಪಾಯಿಂಟ್, ಅದೇ ಕ್ರಮದಲ್ಲಿ, ನನಗಿಂತ ಚುಟುಕಾಗಿ. ಆಮೇಲೆ ತಮ್ಮದೊಂದು ಸೇರಿಸಿದರು. ‘ಅಂಗ್ ನೋಡುದ್ರೆ ಆ ಮಾತ್ರೆ, ಆ ಮೀಟಿಂಗು, ಎಲ್ಲಾ ಅಂತದ್ದೇಯ. ಸಂಜೆ ಅಂಗೇ ಒಂಚೂರು ಸುತ್ತಾಡ್ಕಂಡ್ ಬತ್ತೀನಿ, ಮನೇಲಿ ಕೂತು ಕೂತು ಸಾಕಾಗದೆ.’ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ನನ್ನ ಪಾಯಿಂಟುಗಳನ್ನು ಕದ್ದ ಸ್ಪರ್ಧಿಗಳನ್ನು ನಾನು ಕಂಡಿದ್ದೇನೆ. ಆದರೆ ಅವತ್ತು ಕದ್ದದ್ದು ಚಿಕ್ಕಪ್ಪನೂ ಅಲ್ಲ. ಅವರೊಳಗೆ ಕೂತಿರುವ ಆಸೆ. ಅದಕ್ಕಿಂತ ನಿಪುಣ ಚರ್ಚಾಪಟುವನ್ನು ನಾನು ಯಾವ ವೇದಿಕೆಯಲ್ಲೂ ನೋಡಿಲ್ಲ. ಅದಕ್ಕೆ ಪರ ವಿರೋಧದ ಹಂಗಿಲ್ಲ. ಸತ್ಯ ಸಿಕ್ಕರೆ ಸತ್ಯವನ್ನೇ ಎತ್ತಿಕೊಂಡು ಅಂಗಡಿಯ ಕಡೆಗೆ ನಡೆಯುತ್ತದೆ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ತಕ್ಷಣ ಪಕ್ಷ ಬದಲಿಸಿ ತರಬೇತಿಯ ಪರವಾಗಿ ಶುರುಮಾಡಿದೆ. ಚಿಕ್ಕಪ್ಪ ಪೇಪರ್ ಮಡಚಿ ನಕ್ಕರು. ‘ನೆನ್ನೆ ವಿರೋಧ, ಇವತ್ತು ಪರ. ಯಾವ್ದುಕ್ಕೆ ಶೀಲ್ಡ್ ಕೊಡ್ಲಿ ಹೇಳು.’ ಚಿಕ್ಕಮ್ಮ ಬಾಗಿಲಿಗೆ ಬಂದು ನಿಂತರು. ‘ಗೆದ್ದೆಯಲ್ಲ ಲಾಯ್ರಮ್ಮ, ಇನ್ನೇನಾಗ್ಬೇಕು’ ಎಂದರು. ಅವರು ಬೈಯಲಿಲ್ಲ, ಅಳುವುದಕ್ಕೂ ಸುಸ್ತಾದವರ ಹಾಗೆ ಹೇಳಿದರು.

ವಾದಕ್ಕೆ ಬಗ್ಗದ ಚಿಕ್ಕಪ್ಪ ಪಂದ್ಯಕ್ಕೆ ಬಗ್ಗುತ್ತಾರೆಂಬುದು ನನಗೆ ಗೊತ್ತಿತ್ತು. ‘ಆಟ ಅಂತೀರಲ್ಲ, ಇವತ್ತು ನಾನೂ ಆಡ್ತೀನಿ. ನಿಮಗಿಂತ ಚೆನ್ನಾಗಿ ಆಡಿಲ್ಲ ಅಂದ್ರೆ ಕೇಳಿ’ ಎಂದೆ. ಅವರು ಪೇಪರ್ ಕೆಳಗಿಟ್ಟರು. ‘ನೀನ್ ಸೋಲೋದ್ ನೋಡಕ್ಕಾರೂ ಬತ್ತೀನಿ ನಡಿ’ ಎಂದು ಪ್ಯಾಂಟ್ ಹಾಕಿಕೊಳ್ಳಲು ಎದ್ದರು.

ಮೇಡಂ ಒಪ್ಪಿದರು. ಕಂಪ್ಯೂಟರಿನ ಮುಂದೆ ಕೂತೆ. ಎಳನೀರು ಬಂತು, ಒತ್ತಿದೆ. ಸೈಕಲ್ ಬಂತು, ಒತ್ತಿದೆ. ಬಾಟಲಿ ಬಂತು, ಟಿಂಗ್ ಎಂದಿತು, ಒತ್ತಿದೆ. ಇನ್ನೊಂದು ಟಿಂಗ್ ಬಂತು. ಒತ್ತಬಾರದೆಂದು ಗೊತ್ತಿದ್ದೂ ಒತ್ತಿದೆ, ಅದೂ ಮೇಜು ಅಲುಗುವಷ್ಟು ಜೋರಾಗಿ. ಸದ್ದು ಬಂದಷ್ಟೂ ಬೆರಳು ಹುರುಪಿನಿಂದ ಬೀಳುತ್ತಿತ್ತು. ಹನಿ ಮದ್ಯವನ್ನೂ ಮುಟ್ಟದ ನಾನು ಆ ಪರದೆಯ ಲೆಕ್ಕದಲ್ಲಿ ಒಂದೇ ಒಂದು ಬಾಟಲಿಯನ್ನೂ ಬಿಟ್ಟಿರಲಿಲ್ಲ. ಮೇಡಂ ‘ಇದೇನಮ್ಮ, ಸದ್ದು ಕೇಳ್ತಿದ್ದಂಗೆ ಇನ್ನೂ ಗಟ್ಟಿಯಾಗಿ ಒತ್ತುತ್ತೀರ!’ ಎಂದರು.

ಹಿಂದೆ ನಿಂತಿದ್ದ ಚಿಕ್ಕಪ್ಪ ಜೋರಾಗಿ ನಕ್ಕರು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ‘ಅದು ನಾನ್ ಕಲ್ಸಿದ್ದು ಮೇಡಂ! ಲೋಟ, ಚಮಚ ಹಿಡ್ಕಂಡು ಕಲ್ಸಿದ್ದು!’ ನಗು ಅಷ್ಟಕ್ಕೇ ನಿಂತಿತು. ‘ನಾನೇ ಕಲ್ಸಿದ್ದು’ ಎಂದು ಇನ್ನೊಮ್ಮೆ ಮೆಲ್ಲಗೆ ಹೇಳಿಕೊಂಡರು. ಆಮೇಲೆ ನನ್ನ ಭುಜ ಮುಟ್ಟಿ ‘ಏಳವ್ವ, ನಾ ಕೂರ್ತೀನಿ’ ಎಂದರು.

ಅವರು ಕೂತರು, ನಾನು ಗೋಡೆಗೆ ಒರಗಿ ನನ್ನ ಬೆರಳನ್ನು ನೋಡಿಕೊಂಡೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ದಾಟುವುದಿಲ್ಲ ಎಂದು ಸಿಗ್ನಲ್ಲುಗಳಲ್ಲಿ ಸಾಧಿಸಿದ್ದೆನಲ್ಲ? ಕುವೆಂಪುನಗರದ ನಡುಮನೆಯಲ್ಲಿ ಲೋಟದ ಸದ್ದಿಗೆ ನಾಲಿಗೆ ಕಲಿತ ಪಾಠ, ಹತ್ತು ವರ್ಷದ ನಂತರ ಯಾದವಗಿರಿಯಲ್ಲಿ ಬೆರಳಿನವರೆಗೆ ದಾಟಿ ಬಂದಿತ್ತು. ಒಂದು ಬೆರಳಿನಿಂದ ಏನೂ ಸಿದ್ಧವಾಗುವುದಿಲ್ಲ, ಗೊತ್ತು. ಆದರೂ ನನ್ನ ವಿರುದ್ಧ ಸಾಕ್ಷಿ ಹೇಳಿದ್ದು ನನ್ನದೇ ಬೆರಳು. ಪಾಟೀಸವಾಲು ಯಾರಿಗೆ ಹಾಕುವುದು?

ಚಿಕ್ಕಪ್ಪ ಇಪ್ಪತ್ತು ದಿನವನ್ನೂ ಮುಗಿಸಿದರು. ಎರಡು ಸಲ ಅರ್ಧಕ್ಕೆ ಎದ್ದು ಹೋಗಿ, ಕ್ಲಿನಿಕ್ಕಿನ ಗೇಟಿನ ಹತ್ತಿರ ನಿಂತು, ತಾವಾಗಿಯೇ ವಾಪಸ್ ಬಂದರು. ನಾನು ದಾರಿಯುದ್ದಕ್ಕೂ ಬಾಯಿಮುಚ್ಚಿ ಸ್ಕೂಟಿ ಓಡಿಸಿದೆ. ಅದು ನನ್ನ ತರಬೇತಿ. ಪತ್ರ ಸಿಕ್ಕಿತು, ಮೆಷಿನ್ನೂ ಸಿಕ್ಕಿತು.

ಕೆಲಸಕ್ಕೆ ಹೋಗತೊಡಗಿದ ಎರಡನೆಯ ವಾರ, ಶನಿವಾರ ಸಂಜೆ, ಬೂಟು ಬಿಚ್ಚುತ್ತ ಹೇಳಿದರು. ‘ಆ ಅಂಗ್ಡಿ ಮುಂದೆ ನಿಂತ್ಬುಟ್ಟಿದ್ದೆ ಕಣವ್ವ. ಕೈ ಜೇಬ್ಗೂ ಹೋಗಿತ್ತು. ಯಾಕೋ ಅಂಗೇ ನಿಂತ್ಕಂಡ್ತು. ಒಂದ್ ಗಳಿಗೆ ಅಷ್ಟೇಯ. ಅಷ್ಟ್ರಲ್ಲಿ ಬಸ್ ಬಂತು, ಹತ್ಬುಟ್ಟೆ.’ ತಲೆ ಎತ್ತಿ ಕೇಳಿದರು. ‘ಆ ಆಟದಿಂದ್ಲೇ ಇರ್ಬೋದಾ?’

ನನ್ನ ಬಳಿ ನಾಲ್ಕು ಉತ್ತರಗಳು ಸಿದ್ಧವಿದ್ದವು. ಮಾತ್ರೆ ಇರಬಹುದು, ಮೀಟಿಂಗ್ ಇರಬಹುದು, ಕಾರ್ಖಾನೆಯ ಗೇಟಿನ ಭಯ ಇರಬಹುದು, ಸರಿಯಾದ ಹೊತ್ತಿಗೆ ಬಂದ ಬಸ್ಸೇ ಇರಬಹುದು. ನಾಲ್ಕೂ ಗಟ್ಟಿ ಏಟುಗಳೇ. ಚಿಕ್ಕಪ್ಪ ಬೂಟಿನ ದಾರ ಹಿಡಿದು ಕಾಯುತ್ತಿದ್ದರು. ‘ಅದ್ರಿಂದ್ಲೇ ಚಿಕ್ಕಪ್ಪ, ಇನ್ನೇನ್ ಮತ್ತೆ’ ಎಂದೆ.

ಮರುದಿನ ಭಾನುವಾರ. ಪಟದ ಮುಂದೆ ಮೂವರೂ ಕೂತೆವು. ಸುಳ್ಳಾಡುವುದಿಲ್ಲ ಎನ್ನುವ ನಾಲ್ಕನೆಯದು ಬಂದಾಗ ಕೆಮ್ಮು ಬಂತು, ನನಗೆ. ಚಿಕ್ಕಮ್ಮ ಮೇಣದಬತ್ತಿಯ ಕಡೆಗೆ ಕೈ ಚಾಚಿದರು. ನನ್ನ ಕೆಮ್ಮು ಮುಗಿಯುವವರೆಗೆ ಚಿಕ್ಕಪ್ಪ ತಾಳ್ಮೆಯಿಂದ ಕಾದರು. ಆಮೇಲೆ ಐದನೆಯದನ್ನು ಹೇಳಿದರು, ಪಕ್ಕದ ಮನೆಗೆ ಕೇಳುವಷ್ಟು ಗಟ್ಟಿಯಾಗಿ.