ಸಂಡೂರು ಗುಡ್ಡದ ಗೊರಿಲ್ಲಾ

ಜಂಬುನಾಥನಿಗೆ ಸೂಜಿ ಕಂಡರೆ ಹೆದರಿಕೆ. ಮುಂದೆ ಆದ ಅನಾಹುತಕ್ಕೆಲ್ಲ ಅದೊಂದೇ ಕಾರಣ. ಆಫ್ರಿಕಾದ ತಪ್ಪೂ ಇಲ್ಲ, ಗೊರಿಲ್ಲಾದ ತಪ್ಪೂ ಇಲ್ಲ.

ಕಂಪ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ, ಮೈಕಿನಲ್ಲಿ ಊರೂರಿನ ಹೆಸರು ಕೂಗುತ್ತಲೇ ಅರ್ಧ ಆಯುಷ್ಯ ಸವೆಸಿದ ಈ ಮನುಷ್ಯ ತಾನು ಮಾತ್ರ ಹೊಸಪೇಟೆ ದಾಟಿದವನಲ್ಲ. ಅಂಥವನು ಫೋನಿನಲ್ಲಿ ‘ಕಡಿಮೆ ಖರ್ಚಿನ ಕ್ಯಾಂಪಿಂಗ್ ಸಫಾರಿ, ಟೆಂಟಿನಲ್ಲಿ ಮಲಗಿ, ಗೊರಿಲ್ಲಾ ನೋಡಿ’ ಎಂಬ ಜಾಹೀರಾತು ಕಂಡು ಹೆಸರು ಕೊಟ್ಟೇಬಿಟ್ಟ. ಸಮುದ್ರ ದಾಟುವವರನ್ನು ಹೇಗೆ ಬೀಳ್ಕೊಡಬೇಕೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಕಾಶಿಗೆ ಹೋಗುವವರನ್ನು ಕಳಿಸುವ ಹಾಗೆ ಕಳಿಸಿದರು. ಮನೆಮನೆಯಲ್ಲೂ ಊಟ, ಕೊರಳ ತುಂಬ ಹಾರ, ಬಸ್ ಹತ್ತುವ ತನಕ ಹಲಗೆ ಬಡಿತ. ಎದುರು ಮನೆಯ ಮುದುಕಿ ವಿರುಪಮ್ಮ ಅಂತೂ, “ತಿರುಗಿ ಬಂದ ಮ್ಯಾಲ ನಿನ್ನ ಪಾದ ತೊಳದ ನೀರು ತಲಿಗೆ ಹಾಕ್ಕೊಂತೀನಪ್ಪ” ಎಂದು ಕಣ್ಣೀರು ತೆಗೆದಳು.

ಹಳದಿ ಜ್ವರದ ಇಂಜೆಕ್ಷನ್ ಕಡ್ಡಾಯ ಎಂದು ಸಫಾರಿಯವರು ಮೊದಲೇ ಹೇಳಿದ್ದರು. ಜಂಬುನಾಥ ದವಾಖಾನೆ ಬಾಗಿಲ ತನಕ ಹೋಗಿ, ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಬಂದಿದ್ದ. ವಿಮಾನ ನಿಲ್ದಾಣದಲ್ಲಿ ಅದರ ಕಾರ್ಡು ಕೇಳಿದರು. ಇಲ್ಲ ಎಂದ. ಬಂದ ದಾರಿ ತೋರಿಸಿದರು.

ಈಗ ಮನೆಗೆ ಹೋಗುವುದು ಹೇಗೆ? ಕಾಶಿಗೆಂದು ಹಲಗೆ ಬಡಿಸಿಕೊಂಡು ಹೊರಟವನು ಗಂಗಾವತಿಯಿಂದ ತಿರುಗಿ ಬಂದರೆ ಓಣಿಯಲ್ಲಿ ತಲೆ ಎತ್ತಿ ನಡೆಯಲಾದೀತೇ? ಸಫಾರಿಯ ದಿನಗಳು ಮುಗಿಯುವ ತನಕ ಎಲ್ಲಾದರೂ ಅಡಗಿಕೊಂಡು, ಆಮೇಲೆ ಗತ್ತಿನಿಂದ ಮನೆ ಸೇರುವುದೆಂದು ತೀರ್ಮಾನಿಸಿದ. ಹೆಂಡತಿ ಚಂದ್ರಕಲಾ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ, ಒಂದು ಕರಿ ಕಂಬಳಿ ಹೊತ್ತು ಸಂಡೂರಿನ ಗುಡ್ಡ ಹತ್ತಿದ. ಮುಚ್ಚಿಹೋದ ಗಣಿಯೊಂದರ ಕಾವಲುಗಾರನ ಶೆಡ್ಡು ಖಾಲಿ ಬಿದ್ದಿತ್ತು. ಅದೇ ಅವನ ಆಫ್ರಿಕಾ ಆಯಿತು.

ಅಲ್ಲಿ ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಬೆಳಗಾದರೆ ಕೈಯೇ ಕಾಣದಂಥ ಮಂಜು. ಗಣಿಯ ಹೊಂಡದಲ್ಲಿ ರಕ್ತದಂಥ ಕೆಂಪು ನೀರು, ಗಾಳಿ ಇಲ್ಲದಿದ್ದರೂ ಒಮ್ಮೊಮ್ಮೆ ಅಲ್ಲಾಡುತ್ತಿತ್ತು. ರೊಟ್ಟಿ ಮುರಿದು ಬಾಯಿಗಿಟ್ಟರೆ ಯಾರೋ ಬೆನ್ನ ಹಿಂದೆ ನಿಂತು ನೋಡಿದಂತಾಗುತ್ತಿತ್ತು. ತಿರುಗಿದರೆ ಬರೀ ಮಂಜು. ಪಕ್ಷಿಗಳೂ ಆ ಕಡೆ ಕೂಗುತ್ತಿರಲಿಲ್ಲ. ಸೂಜಿಗೆ ಹೆದರಿದವನು ದಿನಾ ಇಷ್ಟಕ್ಕೆಲ್ಲ ಹೆದರುತ್ತ ಬಿದ್ದಿದ್ದ.

ಕಡೆಯ ದಿನದ ಬೆಳಿಗ್ಗೆ, ಸಂಜೆಯೊಳಗೆ ಮನೆ ಸೇರುವೆನೆಂಬ ಖುಷಿಯಲ್ಲಿ ಕಂಬಳಿಯನ್ನು ತಲೆಯಿಂದ ಮುಖ ಮುಚ್ಚುವಂತೆ ಕೊಪ್ಪೆ ಹಾಕಿಕೊಂಡು ಗಂಟು ಕಟ್ಟುತ್ತಿದ್ದಾಗ, ಮಂಜಿನೊಳಗಿಂದ ಮನುಷ್ಯರ ಮಾತು ಕೇಳಿತು. ಬಂಡೆಯ ಮರೆಯಿಂದ ಇಣುಕಿ ನೋಡಿದ. ಅವನದೇ ಓಣಿಯ ಜನ! ಅಕ್ಕಿ ಗಿರಣಿಯ ತಾಡಪಾಲು ಕಟ್ಟಿ ಟೆಂಟು ಹಾಕಿದ್ದಾರೆ. ನಡುವೆ ಪಕ್ಕದ ಮನೆಯ ಗಿರಣಿ ಮಾಲೀಕ ಮಲ್ಲೇಶ್, ತಲೆಗೆ ದೊಡ್ಡ ಹ್ಯಾಟು.

“ಕುರಿ ಕಾಯೋರು ಕಣ್ಣಾರೆ ಕಂಡಾರ. ಕರ್ರಗ, ಗೂನು ಬೆನ್ನು, ಹೊಂಡದಾಗ ನೀರು ಕುಡೀತಿತ್ತಂತ” ಎಂದು ಮಲ್ಲೇಶ್ ವಿವರಿಸುತ್ತಿದ್ದ. “ಜಂಬಣ್ಣ ಸುಮ್ನ ಅಷ್ಟು ದೂರ ಹೋದ. ಗೊರಿಲ್ಲಾ ನಮ್ಮ ಸಂಡೂರಾಗೂ ಐತಿ.”

ಅಂದರೆ ತನ್ನನ್ನೇ ನೋಡಲು ತನ್ನ ಓಣಿ ಸಫಾರಿ ಬಂದಿದೆ ಎಂಬುದು ಜಂಬುನಾಥನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು.

“ನಮ್ಮನಿಯವ್ರು ಇರಬೇಕಿತ್ತು ನೋಡ್ರಿ, ಗಂಡೋ ಹೆಣ್ಣೋ ದೂರದಿಂದನ ಹೇಳ್ತಿದ್ರು” ಎಂದಳು ಚಂದ್ರಕಲಾ. ಅವಳ ದನಿಯಲ್ಲಿದ್ದ ಹೆಮ್ಮೆ ಕೇಳಿ ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು.

ಅಲ್ಲೇ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಆದರೆ ಚಂದ್ರಕಲಾ ಒಲೆ ಹಚ್ಚಿ ವಗ್ಗರಣೆ ಮಂಡಕ್ಕಿ ಕಲಸಿ, ಮಿರ್ಚಿ ಬಜ್ಜಿ ಕರಿಯತೊಡಗಿದಳು. ಒಣ ರೊಟ್ಟಿ ಕಡಿದು ಕಡಿದು ದವಡೆ ನೋಯಿಸಿಕೊಂಡವನಿಗೆ ಆ ವಾಸನೆ ಕೈ ಹಿಡಿದು ಎಳೆಯಿತು. ಮಂಜಿನ ಮರೆಯಲ್ಲಿ ತೆವಳುತ್ತ ಬಂದು, ಮಿರ್ಚಿ ಹರವಿದ್ದ ಅಗಲ ಪರಾತಕ್ಕೆ ಕೈ ಹಾಕಿ ಒಂದನ್ನು ಬಾಯಿಗಿಟ್ಟ. ಅಷ್ಟರಲ್ಲಿ ಗಾಳಿ ಬೀಸಿ ಮಂಜು ಪರದೆ ಸರಿದಂತೆ ಸರಿಯಿತು.

ಎಲ್ಲರೂ ನೋಡಿದರು. ಯಾರೂ ಕೂಗಲಿಲ್ಲ.

ಜಂಬುನಾಥನ ಮುಂದೆ ಇದ್ದದ್ದು ಎರಡೇ ದಾರಿ. ಕೊಪ್ಪೆ ತೆಗೆದು ಜಂಬುನಾಥನಾಗುವುದು, ಇಲ್ಲವೇ ಗೊರಿಲ್ಲಾ ಆಗುವುದು. ಮರ್ಯಾದಸ್ಥ ಮನುಷ್ಯ. ಗೊರಿಲ್ಲಾ ಆದ. ಬಾಯಲ್ಲಿ ಮಿರ್ಚಿ ಕಚ್ಚಿಕೊಂಡೇ ಎದ್ದು ನಿಂತು, ಗುರುಗುಟ್ಟಿ, ಎರಡೂ ಕೈಯಿಂದ ದಬದಬನೆ ಎದೆ ಬಡಿದುಕೊಂಡ.

ಮಲ್ಲೇಶ್ ಫೋಟೋ ಹೊಡೆದ. ವಿರುಪಮ್ಮ ಕೈ ಮುಗಿದಳು. ಅವರೆಲ್ಲ ತನ್ನ ಮುಖವನ್ನಲ್ಲ, ಇನ್ನೂ ತುಸು ಮೇಲಕ್ಕೆ ನೋಡುತ್ತಿದ್ದಾರೆ ಎನ್ನಿಸಿತು ಜಂಬುನಾಥನಿಗೆ. ಗಾಬರಿಯಾದಾಗ ಕಣ್ಣು ಎತ್ತಲೋ ಹೋಗುತ್ತದೆ ಎಂದುಕೊಂಡ. ಮರುಗಳಿಗೆ ಇಡೀ ಓಣಿ ತಾಡಪಾಲು, ಒಲೆ, ಹ್ಯಾಟು ಎಲ್ಲ ಬಿಟ್ಟು ಗುಡ್ಡ ಇಳಿದು ಓಡಿತು. ಜಂಬುನಾಥ ನಿಧಾನಕ್ಕೆ ಕೂತು ಪರಾತ ಖಾಲಿ ಮಾಡಿ, ತನ್ನ ನಟನೆಯನ್ನು ತಾನೇ ಮೆಚ್ಚಿಕೊಳ್ಳುತ್ತ ಶೆಡ್ಡಿಗೆ ಹೋಗಿ ಗಂಟು ಹೊತ್ತು ಇಳಿದ. ಸಂಡೂರಿನಲ್ಲಿ ಗಡ್ಡ ಬೋಳಿಸಿಕೊಂಡ.

ಸಂಜೆ ಕಂಪ್ಲಿಯಲ್ಲಿ ಇಳಿದಾಗ ಹಲಗೆ ಇರಲಿಲ್ಲ, ಹಾರವೂ ಇರಲಿಲ್ಲ. ಮನೆಯ ತುಂಬ ಜನ ಮಾತ್ರ ಇದ್ದರು. ವಿರುಪಮ್ಮ ಪಾದ ತೊಳೆದಳು, ಆದರೆ ಗಮನವೆಲ್ಲ ಮಲ್ಲೇಶನ ಫೋನಿನ ಮೇಲೆ.

“ಜಂಬಣ್ಣ, ನೀವು ಅಲ್ಲಿ ಬೇಕಾದಷ್ಟು ನೋಡಿ ಬಂದೋರು” ಎಂದ ಮಲ್ಲೇಶ್. “ಸ್ವಲ್ಪ ಹೇಳ್ರಿ. ಇವೆರಡರಾಗ ಗಂಡು ಯಾವ್ದು?”

“ಎರಡಾ?” ಎಂದ ಜಂಬುನಾಥ.

ಫೋಟೋದಲ್ಲಿ ಮುಂದೆ ಅವನೇ ಇದ್ದ, ಎದೆಯ ಮೇಲೆ ಕೈ, ಬಾಯಲ್ಲಿ ಮಿರ್ಚಿ. ಅವನ ಹಿಂದೆ, ಚಾಚಿದರೆ ಕೈಗೆ ಸಿಗುವಷ್ಟು ಹತ್ತಿರ, ಅವನಿಗಿಂತ ಎರಡು ಮೊಳ ಎತ್ತರಕ್ಕೆ ಕಪ್ಪಗೆ ಏನೋ ನಿಂತಿತ್ತು. ಕಂಬಳಿ ಇರಲಿಲ್ಲ. ಅದರ ಕೈಗಳೂ ಎದೆಯ ಮೇಲಿದ್ದವು.

“ಸಣ್ಣದು ಮಾಡಿದ್ದನ್ನ ದೊಡ್ಡದು ಹಂಗ ಮಾಡ್ತಿತ್ತಪ್ಪ” ಎಂದಳು ವಿರುಪಮ್ಮ. “ನಾವು ಕೆಳಗ ಜೀಪಿನ ತನಕ ಓಡಿದ್ವಿ, ಅದು ಚಾಲೂ ಆಗೂದ್ರಾಗ ಬಾಳ ಹೊತ್ತಾತು, ಆಗ ತಿರುಗಿ ನೋಡಿದ್ವಿ. ಸಣ್ಣದು ಗಂಟು ಹೊತ್ಕೊಂಡು ಇಳೀತಿತ್ತು. ದೊಡ್ಡದು ಅದರ ಬೆನ್ನ ಹಿಂದನ ಬರ್ತಿತ್ತು.”

ಜಂಬುನಾಥನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ, ಹಿಂದೆ ಇದ್ದದ್ದು ಬರೀ ಗೋಡೆಯೆಂದು ಗೊತ್ತಿದ್ದರೂ. ಸಣ್ಣದು ನಾನೇ ಎಂದು ಹೇಳಿಬಿಡೋಣವೆಂದರೆ ಮರ್ಯಾದೆ ಅಡ್ಡ ಬಂತು.

“ನಾಳಿ ಬೆಳಗಾಗೂದ್ರಾಗ ಮತ್ತ ಹೊಂಟೀವಿ” ಎಂದ ಮಲ್ಲೇಶ್. “ಎರಡು ಜೀಪ್ ಗೊತ್ತು ಮಾಡೇವಿ. ನಾವು ಜೀಪಿನಾಗ ಕುಂತು ನೋಡ್ತೀವಿ. ಹತ್ರ ಹೋಗಿ ಅದನ್ನ ಹೊರಗ ಕರಿಯೋದು ನಿಮ್ಮ ಕೆಲಸ. ಅದರ ಸ್ವಭಾವ ತಿಳದೋರು ನಮ್ಮ ಓಣ್ಯಾಗ ನೀವೊಬ್ರ.”

ಜಂಬುನಾಥ ಬಾಯಿ ತೆರೆಯುವಷ್ಟರಲ್ಲಿ ಚಂದ್ರಕಲಾ ಗಂಡನ ಕಡೆ ತುಂಬು ಅಭಿಮಾನದಿಂದ ನೋಡಿದಳು.

“ಬರ್ತಾರ ಬಿಡ್ರಿ” ಎಂದಳು. “ಆಫ್ರಿಕಾಕ್ಕ ಒಬ್ರೇ ಹೋಗಿ ಬಂದೋರಿಗೆ ಇದೇನು ದೊಡ್ಡದು?”