ಭಟ್ರು ಬೀಗ ಹಾಕಿಟ್ಟ ಫೈಲು

ಗೌಡ್ರು: ಇದನ್ನ ಬರ್ದಿದ್ದು ಯಾರು, ಅಷ್ಟ್ ಹೇಳಿ ಭಟ್ರೇ. ಕಂಪ್ಯೂಟ್ರು ತಾನಾಗೇ ಬರ್ಕೊಳ್ತಾ?

ಎರಡು ಲೋಟ ಕಾಫಿ ಹಿಡ್ಕೊಂಡು ಒಳಗಿಂದ ಬಂದ ಪುರೋಹಿತ ರಮಾಕಾಂತ ಭಟ್ರು ಬಾಗಿಲಲ್ಲೇ ನಿಂತ್ಬಿಟ್ರು. ವಸ್ತಾರೆ ಪುಟ್ಟಸ್ವಾಮಿ ಗೌಡ್ರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಹೊಸ ಪಲ್ಪರ್ ತಂದಿದ್ರು. ನಾಳೆ ಅದಕ್ಕೆ ಪೂಜೆ. ಸಾಮಾನಿನ ಪಟ್ಟಿ ಇಸ್ಕೊಂಡು ಹೋಗೋಣ ಅಂತ ಆಲ್ದೂರಿಗೆ, ಭಟ್ರ ಮನೆಗೆ ಬಂದಿದ್ರು. ಬಂದೋರು ಸುಮ್ನೆ ಕೂರ್ಬೇಕಿತ್ತಪ್ಪ! ಕೂತಿದ್ದು ಕಂಪ್ಯೂಟರ್ ಮುಂದೆ.

ಭಟ್ರು: ಯಾವ್ದು ಗೌಡ್ರೇ?

ಗೌಡ್ರು: ಓದ್ಲಾ? 'ಪುಟ್ಟಸ್ವಾಮಿ, ವಸ್ತಾರೆ. ಮನೇಲಿ ತಿಂಡಿ ತಿಂದೇ ಹೊರಡುವುದು. ರಂಗಮ್ಮನವರ ಚಕ್ಕುಲಿ ಬಾಯಿಗಲ್ಲ, ಜೇಬಿಗೆ. ಸಂಕಲ್ಪ ಉದ್ದ ಮಾಡಿದರೆ ಗೌಡರು ಗೊರಕೆ.' ನನ್ ಹೆಂಡ್ತಿ ಚಕ್ಕುಲಿ ಯಾವ ವೇದದಲ್ಲಿ ಬರುತ್ತೆ?

ಭಟ್ರು ಲೋಟಗಳನ್ನ ಮೇಜಿನ ಮೇಲೆ ಕುಕ್ಕಿ ಹತ್ರ ಓಡಿ ಬಂದ್ರು.

ಭಟ್ರು: ಅದು ಹೆಂಗ್ ಸಿಕ್ತು ನಿಮ್ಗೆ! ಆ ಫೈಲಿಗೆ ಪಾಸ್‌ವರ್ಡ್ ಹಾಕಿದೀನಿ ಮಾರಾಯ್ರೇ!

ಗೌಡ್ರು: ನಾನ್ಯಾಕ್ ಫೈಲ್ ಮುಟ್ಲಿ? ಸ್ಕ್ರೀನ್ ಮೂಲೇಲಿ ಉದ್ದಕ್ಕೊಂದು ಖಾನೆ ಇತ್ತು. 'ಏನು ಬೇಕೋ ಹುಡುಕಿ' ಅಂತಿತ್ತು. ನನ್ ಹೆಸ್ರು ಹೊಡ್ದೆ. ತಗಳಿ ಅಂತ ಕೊಡ್ತು.

ಭಟ್ರಿಗೆ ಆಗ ಹೊಳೀತು. ಡಿಗ್ರಿ ಓದೋ ಮಗಳು ಇಂಚರಾ ಹೋದ ತಿಂಗ್ಳು ಮ್ಯಾಗಜಿನ್ ಜೊತೆ ಬಂದ ಸಿ.ಡಿ.ಯಿಂದ ಒಂದು ಹುಡುಕೋ ಸಾಫ್ಟ್‌ವೇರ್ ಹಾಕ್ಕೊಟ್ಟಿದ್ಲು. 'ಅಪ್ಪಾ, ಇನ್ಮೇಲೆ ಜಾತಕ ಹುಡುಕಿ ಹುಡುಕಿ ಸಾಯ್ಬೇಡ' ಅಂದಿದ್ಲು. ಭಟ್ರು ಫೈಲ್ ತೆಗ್ದು ಬರೀತಾ ಕೂತಾಗ್ಲೆಲ್ಲ ಅದು ಬೆನ್ನ ಹಿಂದೆ ನಿಂತು ಓದ್ಕೊಂಡು, ತನ್ನದೇ ಒಂದು ಕಾಪಿ ಇಟ್ಕೊಂಡಿತ್ತು!

ಗೌಡ್ರು: ಅಂದ್ರೆ ಮುಂಬಾಗ್ಲಿಗೆ ಬೀಗ ಹಾಕಿ ಕಳ್ಳನ್ನ ಒಳಗೇ ಕೂರಿಸ್ಕೊಂಡಿದೀರಿ.

ಭಟ್ರು: ಕಳ್ಳ ಅಲ್ಲ ಗೌಡ್ರೇ, ಚಾಡಿಕೋರ. ಈಗ್ಲೇ ಅಳಿಸ್ತೀನಿ, ನೋಡ್ತಾ ಇರಿ.

ಪಾಸ್‌ವರ್ಡ್ ಹಾಕಿ ಫೈಲ್ ತೆಗೆದ್ರು. ಚಕ್ಕುಲಿ ಹೋಯ್ತು, ಗೊರಕೆ ಹೋಯ್ತು.

ಭಟ್ರು: ಮುಗೀತು. ನಿಮ್ಮ ಕೈಯಾರೆ ಇನ್ನೊಂದ್ಸಲ ಹುಡುಕಿ.

ಗೌಡ್ರು ಒಂದೇ ಬೆರಳಲ್ಲಿ ಕುಟ್ಟಿದ್ರು.

ಗೌಡ್ರು: 'ರಂಗಮ್ಮನವರ ಚಕ್ಕುಲಿ ಬಾಯಿಗಲ್ಲ...'

ಭಟ್ರು: ಅಯ್ಯೋ ರಾಮ! ಅಳಿಸಿದ್ನಲ್ಲ!

ಗೌಡ್ರು: ನೀವು ನಿಮ್ಮದನ್ನ ಅಳಿಸಿದ್ರಿ. ಅದು ತನ್ನದನ್ನ ಬಿಡ್ತಿಲ್ಲ. ಭಟ್ರೇ, ನಾಳೆ ಪೂಜೆಗೆ ನೀವ್ ಬರೋದ್ ಬೇಡ. ಬೇರೆಯೋರಿಗೆ ಹೇಳ್ತೀನಿ. ಅಂದಹಾಗೆ ನಮ್ಮೂರ ಪರಮೇಶ್ವರಪ್ಪಂಗೆ ಏನ್ ಬರ್ದಿದೀರಿ? ನಂಜಮ್ಮಂಗೆ? ಸಂತೆ ದಿನ ಎಲ್ರಿಗೂ ಹೇಳ್ಕೊಂಡು ಬರ್ತೀನಿ, ಹೋಗಿ ನಿಮ್ಮ ನಿಮ್ಮ ಭವಿಷ್ಯ ಓದ್ಕೊಳಿ ಅಂತ.

ಭಟ್ರು ಪೂಜೆಗೆ ಹೋಗೋದು ನಲವತ್ತು ಮನೆ! ನಲವತ್ತಕ್ಕೂ ಒಂದೊಂದು ಸಾಲು ಬರ್ದಿದಾರೆ. ಇದು ಬಯಲಾದ್ರೆ ಆಲ್ದೂರಿಂದ ವಸ್ತಾರೆವರ್ಗೂ ಒಬ್ರೂ ಹೊಸಿಲು ದಾಟಿಸಲ್ಲ.

ಭಟ್ರು: ಹಂಗ್ ಮಾಡ್ಬೇಡಿ ಗೌಡ್ರೇ. ನಿಮ್ಮ ಮದ್ವೆ ಮಾಡ್ಸಿದ್ದು ನಮ್ಮಪ್ಪ.

ಗೌಡ್ರು: ಅದಕ್ಕೂ ಒಂದ್ ಕೋಪ ಇದೆ ನಂಗೆ.

ಇನ್ನೇನ್ ಮಾಡೋದು ಅಂತ ತಿಳೀದೆ ಭಟ್ರು ಖಾನೇಲಿದ್ದ ಹೆಸ್ರು ಅಳಿಸಿ, ಸುಮ್ನೆ ಒಂದ್ಸಲ ಒತ್ತಿದ್ರು. ಖಾನೆ ಕೆಳಗೆ ಟಪ್ ಅಂತ ಒಂದು ಪಟ್ಟಿ ಇಳೀತು. ಇವತ್ತು ಏನೇನ್ ಹುಡುಕಿದ್ರು ಅನ್ನೋ ಪಟ್ಟಿ. ಭಟ್ರು ಕನ್ನಡಕ ಮೇಲೇರಿಸಿದ್ರು.

ಭಟ್ರು: ಗೌಡ್ರೇ, ನಿಮ್ಮ ಹೆಸ್ರು ಹೊಡ್ದೆ ಅಂದ್ರಿ. ಅದು ಎರಡ್ನೇದು. ಮೊದ್ಲನೇದು ಬೇರೆ ಇದೆ.

ಗೌಡ್ರು: ಕಾಫಿ ಆರ್ತಿದೆ, ಕೊಡಿ ಇಲ್ಲಿ.

ಭಟ್ರು: 'ರಂಗಮ್ಮ ಹುಟ್ಟಿದ ದಿನ.'

ಗೌಡ್ರು ಕಾಫೀನ ಒಂದೇ ಗುಟುಕಿಗೆ ಮುಗಿಸಿದ್ರು.

ಗೌಡ್ರು: ಸುಮ್ನೆ... ಕುತೂಹಲ.

ಭಟ್ರು: ನಮ್ಮಪ್ಪ ಬರ್ದ ಜಾತಕ. ನಾನೇ ಟೈಪ್ ಮಾಡಿದ್ದು. ಸಿಕ್ತಾ?

ಗೌಡ್ರು: ಸಿಕ್ತು. ನಾಲ್ಕು ವರ್ಷ ಚಿಕ್ಕೋಳು ಅಂದಿದ್ರು ಭಟ್ರೇ. ನೋಡಿದ್ರೆ ನಂಗಿಂತ ಐದು ತಿಂಗ್ಳು ದೊಡ್ಡೋಳು! ಮೂವತ್ತು ವರ್ಷ 'ನಿಂಗಿನ್ನೂ ಬುದ್ಧಿ ಬಂದಿಲ್ಲ, ಚಿಕ್ಕೋಳು' ಅಂತ ಬೈಕೊಂಡ್ ಬಂದೆ!

ಭಟ್ರು: ನೀವು ಕದ್ದು ವಯಸ್ಸು ನೋಡಿದ್ದು ಅವ್ರಿಗೆ ಗೊತ್ತಾದ್ರೆ?

ಗೌಡ್ರು: ಪಲ್ಪರ್ ಜೊತೆ ನಾನೊಬ್ನೇ ಪೂಜೆಗೆ ಕೂರ್ಬೇಕು. ಭಟ್ರೇ, ನಿಮ್ಮ ದಮ್ಮಯ್ಯ. ನಾಳೆ ಹತ್ತು ಗಂಟೆಗೆ ನೀವೇ ಬನ್ನಿ. ನಾನು ಏನೂ ಓದಿಲ್ಲ, ನೀವು ಏನೂ ನೋಡಿಲ್ಲ.

ಭಟ್ರು: ನನ್ ಬಾಯಿಂದ ಬರಲ್ಲ ಬಿಡಿ. ಆದ್ರೆ ಸಂಜೆ ರಂಗಮ್ಮನೋರು ಮೊಮ್ಮಗು ಜಾತಕಕ್ಕೆ ಬರ್ತಾರೆ. ಹೋದ್ಸಲ ಬಂದಾಗ ಇಂಚರಾ ಹತ್ರ ಇದ್ರಲ್ಲಿ ಹುಡುಕೋದು ಕಲ್ತ್ಕೊಂಡ್ ಹೋಗಿದಾರೆ. ಈ ಪಟ್ಟಿ ಅಳಿಸೋದು ಹೆಂಗೆ ಅಂತ ನಂಗ್ ಗೊತ್ತಿಲ್ಲ. ಇಂಚರಾ ಬರೋದು ನಾಳೆನೇ.

ಗೌಡ್ರು ಎದ್ದೇ ಬಿಟ್ರು. ವೈರೆಲ್ಲ ಕಿತ್ತು, ಟಿ.ವಿ.ಯಷ್ಟು ದಪ್ಪಗಿದ್ದ ಆ ಮಾನಿಟರ್‌ನ ಎದೆಗವಚ್ಕೊಂಡು ಜೀಪಿನ ಕಡೆ ನಡೆದ್ರು.

ಭಟ್ರು: ಎಲ್ಲಿಗ್ರೀ ತಗೊಂಡ್ ಹೋಗ್ತಿದೀರಿ!

ಗೌಡ್ರು: ಇವತ್ತೊಂದ್ ದಿನ ಇದು ಜೀಪಲ್ಲೇ ಇರ್ಲಿ! ರಂಗಿ ಏನ್ ಓದ್ತಾಳೋ ನಾನೂ ನೋಡ್ತೀನಿ!

ಜೀಪು ಗೇಟು ದಾಟ್ತು. ಭಟ್ರು ಹಿಂದಿಂದ ಓಡ್ತಾ ಕೂಗಿದ್ರು:

ಗೌಡ್ರೇ, ಅದು ಬರೀ ಮುಖ ಮಾರಾಯ್ರೇ! ಓದಿದ್ದೆಲ್ಲ ಇಟ್ಕೊಂಡಿರೋ ಡಬ್ಬಿ ಮೇಜಿನ ಕೆಳಗೇ ಇದೆ!