ನೆಲಬೇವಿನ ತವರುಮಣ್ಣು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಯಲಬುರ್ಗಾದಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಸಸ್ಯಶಾಸ್ತ್ರ ಪಾಠ ಮಾಡುವವನಿಗೆ ನಾಲ್ಕು ಗಿಡ ಬೆಳೆಸುವುದು ಯಾವ ಮಹಾ ಕೆಲಸ! ಹಾಗಂತ ನಂಬಿದ್ದೆ.

ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ನನ್ನ ಅಕ್ಕ ಗಂಗಕ್ಕ ಗಂಡನ ಊರು ಆನೆಗೊಂದಿಯಿಂದ ಬಂದು ನಮ್ಮ ಮನೆಯಲ್ಲಿ ಮಲಗಿದ್ದಳು. ನಾಲ್ಕು ತಿಂಗಳು ದಾಟುವುದು ಕಷ್ಟ ಎಂದು ಡಾಕ್ಟರು ನನಗೊಬ್ಬನಿಗೇ ಹೇಳಿದ್ದರು. ಅವಳ ಬಾಯಿಗೆ ಯಾವ ರುಚಿಯೂ ಹತ್ತುತ್ತಿರಲಿಲ್ಲ. ಬೇಕಾಗಿದ್ದು ಒಂದೇ, ಆನೆಗೊಂದಿ ಗುಡ್ಡದ ನೆಲಬೇವಿನ ಕಷಾಯ. ಗುಡ್ಡದಿಂದ ಸಸಿ ತಂದು ಹಿತ್ತಲಲ್ಲೇ ಬೆಳೆಸಿಕೊಡುತ್ತೇನೆ ಎಂದೆ.

"ಆ ಕಹಿ ಒಂದರ ನಾಲಿಗಿಗೆ ತಿಳೀತೈತಿ, ತಮ್ಮಾ. ಬೇರಿಂದು ತವರುಮಣ್ಣು ಮಾತ್ರ ಕೊಡವಬ್ಯಾಡ" ಅಂದಳು.

ಗಿಡಕ್ಕೂ ತವರುಮನೆಯೇ! ನಾನು ನಕ್ಕುಬಿಟ್ಟೆ.

ಸಸಿಗಳನ್ನು ತಂದವನೇ, ಆ ಮಣ್ಣಿನಲ್ಲಿ ರೋಗ, ಬೂಷ್ಟು ಏನೇನಿದೆಯೋ ಎಂದು ಬೇರು ತಿಕ್ಕಿ ತೊಳೆದು ಪರ್ಮಾಂಗನೇಟ್ ನೀರಿನಲ್ಲಿ ಅದ್ದಿದೆ. ನನ್ನ ಎರಡೂ ಕೈ ನೇರಳೆಯಾದವು. ಅಷ್ಟಕ್ಕೇ ಬಿಟ್ಟೆನೇ? ಹಿತ್ತಲ ಮಣ್ಣನ್ನು ರೊಟ್ಟಿ ಹಂಚಿನ ಮೇಲೆ ಹುರಿದು ಡಾಲ್ಡಾ ಡಬ್ಬಿಗಳಿಗೆ ತುಂಬಿ ಸಸಿ ನೆಟ್ಟೆ. ಹೆಂಡತಿ ಶಾರದಾ ಬಾಗಿಲಲ್ಲಿ ನಿಂತು, "ಒಗ್ಗರಣಿ ಹಾಕ್ಲೇನ್ರಿ?" ಎಂದು ಕೇಳಿದಳು. ವಿಜ್ಞಾನಕ್ಕೆ ಅವಮಾನವಾಯಿತೆಂದು ಎರಡು ದಿನ ಅವಳ ಸಂಗಡ ಮಾತು ಬಿಟ್ಟೆ.

ಅಂಗಡಿಯ ಗೊಬ್ಬರ ತಿಂದು ಗಿಡಗಳು ಹುಲುಸಾದವು. ಇನ್ನಷ್ಟು ಬೆಳೆಯಲಿ ಎಂದು ಅಕ್ಕನನ್ನೇ ಕಾಯಿಸಿದೆ. ಓಣಿಯವರನ್ನೆಲ್ಲ ಕರೆದು ತೋರಿಸಿದೆ. ಕೃಷಿ ಇಲಾಖೆಯಲ್ಲಿದ್ದ ಗೆಳೆಯ ಬಸವರಾಜ ಮಾತ್ರ ಒಂದೆಲೆ ಅಗಿದು, ಕಹಿ ಸಾಲದು ಎಂದು, ಸಸಿ ನೆಟ್ಟ ಬಗೆಯನ್ನೆಲ್ಲ ಕೇಳಿ ತಿಳಿದುಕೊಂಡ. ಬೇರನ್ನೂ ಅದರ ಸುತ್ತಲ ಮಣ್ಣನ್ನೂ ಹಿಡಿದು ಬಾಳುವ ಒಂದು ಬಗೆಯ ಬೂಷ್ಟು ಇರುತ್ತದಂತೆ. ಅದು ಗಿಡಕ್ಕೆ ಮಣ್ಣಿನ ಸಾರ ತಂದುಕೊಟ್ಟರೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದಂತೆ. ಎಷ್ಟೋ ಔಷಧಿ ಗಿಡಗಳ ಗುಣ ಗಟ್ಟಿಯಾಗುವುದು ಆ ಸಹವಾಸದಿಂದಲೇ ಅಂತೆ.

"ಬೇರಿನಾಗ ಇದ್ದದ್ದನ್ನ ತೊಳದ್ರಿ, ಮಣ್ಣಾಗ ಇದ್ದದ್ದನ್ನ ಹುರದ್ರಿ, ಮಾಸ್ತರ" ಅಂದ.

ಆ ಸಂಜೆಯೇ ಅಕ್ಕ ಕಷಾಯ ಕೇಳಿದಳು. ಗುಡ್ಡಕ್ಕೆ ಮತ್ತೆ ಹೋಗಿಬರುವತನಕ ಅವಳು ಉಳಿದಾಳೆಂಬ ನಂಬಿಕೆ ನನಗಿರಲಿಲ್ಲ. ಅದನ್ನೇ ಕಾಸಿ ಕೊಟ್ಟೆ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ಮುಖವನ್ನೆಲ್ಲ ಕಿವುಚಿದಳು.

"ಕಹಿ ಐತೇನ, ಯಕ್ಕಾ?"

"ಭಾಳ ಕಹಿ ಐತಿ, ತಮ್ಮಾ. ಛಲೋ ಗಿಡ ಬೆಳಸೀದಿ."

ನಾನು ಹಿಗ್ಗಿಹೋದೆ. ಬಸವರಾಜನಿಗೇನು ಗೊತ್ತು! ಒಳಗೆ ಹೋಗಿ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕುಡಿದು ನೋಡಿದೆ. ಸೊಪ್ಪು ಬೇಯಿಸಿದ ಸಪ್ಪೆ ನೀರು.

ಮೂರು ದಿನ ಅದನ್ನೇ ಕೇಳಿ ಕೇಳಿ ಕುಡಿದಳು. ಪ್ರತಿ ಸಲವೂ ನನ್ನ ಕಡೆ ತಿರುಗಿ ಮುಖ ಕಿವುಚಿದಳು. ನಾಲ್ಕನೆಯ ದಿನ ಹೋದಳು. ಸಾಯುವವಳಿಗೆ ಒಂದು ಗುಟುಕು ಕಹಿ ಕೊಡಲಾಗದ ಸಸ್ಯಶಾಸ್ತ್ರದ ಮಾಸ್ತರ ನಾನು. ಕಡೆತನಕ ನನ್ನನ್ನು ಪಾಸು ಮಾಡುತ್ತಲೇ ಇದ್ದಳು ಅಕ್ಕ.